ಕಬ್ಬಿಣದ ತೊಟ್ಟಿಲು: ರಾಮ್‌ಸ್ಟೈನ್‌ನ ಎಂಟು ಆಲ್ಬಂಗಳು, ಕೊನೆಯದರಿಂದ ಮೊದಲಿನವರೆಗೆ

1988ರ ಆಗಸ್ಟ್ 28, ಭಾನುವಾರ. ಆಗಿನ ಪಶ್ಚಿಮ ಜರ್ಮನಿಯ ರಾಮ್‌ಸ್ಟೈನ್ ಎಂಬಲ್ಲಿರುವ ಅಮೆರಿಕದ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆದಿತ್ತು. ಮಕ್ಕಳು ಮರಿ ಕಟ್ಟಿಕೊಂಡು ಸಾವಿರಾರು ಜನ ಸೇರಿದ್ದರು. ಇಟಲಿ ವಾಯುಪಡೆಯ ಮೂರು ವಿಮಾನಗಳು ಆಕಾಶದಲ್ಲೇ ಒಂದಕ್ಕೊಂದು ಡಿಕ್ಕಿ ಹೊಡೆದವು. ಒಂದು ಉರಿಯುತ್ತಾ ಬಂದು ಜನರ ನಡುವೆ ಬಿತ್ತು. ಸತ್ತವರು 70 ಮಂದಿ.

ಆರು ವರ್ಷಗಳ ನಂತರ, 1994ರಲ್ಲಿ, ಬರ್ಲಿನ್‌ನ ಆರು ಮಂದಿ ತಮ್ಮ ಹೊಸ ಸಂಗೀತ ತಂಡಕ್ಕೆ ಆ ಊರಿನ ಹೆಸರನ್ನೇ ಇಟ್ಟುಕೊಂಡರು. ರೋಮನ್ ಲಿಪಿಯಲ್ಲಿ ಬರೆಯುವಾಗ ಒಂದು ‘ಎಂ’ ಅಕ್ಷರ ಹೆಚ್ಚಾಗಿ ಸೇರಿತು. ಹಾಗೆ ಸೇರಿದ್ದರಿಂದ ಪದಕ್ಕೆ ‘ಗುದ್ದುವ ಕಲ್ಲು’ ಎಂಬ ಇನ್ನೊಂದು ಅರ್ಥವೂ ಬಂತು. ಜರ್ಮನ್ ಭಾಷೆಯಲ್ಲೇ ಹಾಡಿ ಜಗತ್ತಿನ ದೊಡ್ಡ ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸಿದ ‘ರಾಮ್‌ಸ್ಟೈನ್’ ಹುಟ್ಟಿದ್ದು ಹೀಗೆ.

ಈ ತಂಡ 1995ರಿಂದ 2022ರವರೆಗೆ ಎಂಟು ಆಲ್ಬಂಗಳನ್ನು ಹೊರತಂದಿದೆ. ಯಾವುದು ಮೇಲು, ಯಾವುದು ಕೀಳು ಎಂಬ ಜಗಳ ಅಭಿಮಾನಿಗಳ ನಡುವೆ ಮುಗಿಯುವುದೇ ಇಲ್ಲ. ನಾನೂ ಈ ಜಗಳಕ್ಕೆ ಇಳಿಯುತ್ತಿದ್ದೇನೆ. ಅದಕ್ಕಾಗಿ ಎಂಟನ್ನೂ ಬಿಡುಗಡೆಯಾದ ಕ್ರಮದಲ್ಲಿ ಮತ್ತೆ ಕೇಳಿದೆ. ಮೊದಲ ದಿನವೇ ಅಡುಗೆಮನೆಯಿಂದ ಅಮ್ಮ, ‘ಮಿಕ್ಸಿ ಆಫ್ ಮಾಡಿಲ್ಲ ನೋಡು ಯಾರೋ’ ಎಂದಳು.

ಅಮ್ಮನ ಮಾತಿನಲ್ಲಿ ತಪ್ಪೇನೂ ಇಲ್ಲ. ಇಂಡಸ್ಟ್ರಿಯಲ್ ಸಂಗೀತ ಹೊರಟಿದ್ದೇ ಯಂತ್ರದ ಸದ್ದಿನಿಂದ. ಲಂಡನ್‌ನ ‘ಥ್ರಾಬಿಂಗ್ ಗ್ರಿಸಲ್’ ತಂಡ 1976ರಲ್ಲಿ ಕಟ್ಟಿದ ಧ್ವನಿಮುದ್ರಣ ಸಂಸ್ಥೆಯ ಹೆಸರು ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’. ಈ ಪ್ರಕಾರಕ್ಕೆ ಹೆಸರು ಬಂದದ್ದು ಅಲ್ಲಿಂದ. 1980ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಹುಟ್ಟಿದ ‘ಐನ್‌ಸ್ಟ್ಯೂರ್ಟ್ಸೆಂಡೆ ನೊಯ್‌ಬೌಟೆನ್’ (ಕುಸಿಯುತ್ತಿರುವ ಹೊಸ ಕಟ್ಟಡಗಳು ಎಂದು ಅರ್ಥ) ತಂಡದವರು ತಗಡು ಬಡಿದು, ಡ್ರಿಲ್ಲಿಂಗ್ ಯಂತ್ರ ತಿರುಗಿಸಿ ಸಂಗೀತ ಮಾಡಿದರು. 1980ರ ದಶಕದ ಕೊನೆಗೆ ಶಿಕಾಗೊದ ‘ಮಿನಿಸ್ಟ್ರಿ’, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ‘ಗಾಡ್‌ಫ್ಲೆಶ್’ ಮೊದಲಾದ ತಂಡಗಳು ಈ ಯಂತ್ರದ ತಾಳಕ್ಕೆ ಹೆವಿ ಮೆಟಲ್‌ನ ಗಿಟಾರ್ ಜೋಡಿಸಿದವು. ಅದೇ ಇಂಡಸ್ಟ್ರಿಯಲ್ ಮೆಟಲ್. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಐರನ್ ಮೇಡನ್’ ಕೇಳಿದವರಿಗೆ ಗೊತ್ತಿರುವ ಮೆಟಲ್‌ನಲ್ಲಿ ಗಿಟಾರ್ ಓಡುತ್ತದೆ, ಹಾರುತ್ತದೆ, ರಾಗ ಬಿಡಿಸುತ್ತದೆ. ಇಲ್ಲಿ ಅದು ನಿಂತಲ್ಲೇ ನಿಂತು ಸುತ್ತಿಗೆಯಂತೆ ಬಡಿಯುತ್ತದೆ. ಒಂದೇ ಪೆಟ್ಟು, ಮತ್ತೆ ಅದೇ ಪೆಟ್ಟು.

<b>ಇಲ್ಲದ ದೇಶದ ಮಕ್ಕಳು</b>

ರಾಮ್‌ಸ್ಟೈನ್‌ನ ಆರೂ ಮಂದಿ ಬೆಳೆದದ್ದು ಪೂರ್ವ ಜರ್ಮನಿಯಲ್ಲಿ. ಗಾಯಕ ಟಿಲ್ ಲಿಂಡೆಮನ್, ಗಿಟಾರಿನ ರಿಚರ್ಡ್ ಕ್ರುಸ್ಪೆ ಮತ್ತು ಪಾಲ್ ಲಾಂಡರ್ಸ್, ಬಾಸ್ ಗಿಟಾರಿನ ಒಲಿವರ್ ರೀಡೆಲ್, ಡ್ರಮ್ಸ್‌ನ ಕ್ರಿಸ್ಟಾಫ್ ಶ್ನೈಡರ್, ಕೀಬೋರ್ಡಿನ ಕ್ರಿಶ್ಚಿಯನ್ ಲೊರೆನ್ಸ್. ಈ ಕೊನೆಯವನನ್ನು ಎಲ್ಲರೂ ಕರೆಯುವುದು ‘ಫ್ಲಾಕೆ’ ಎಂದೇ. ಎಂಟೂ ಆಲ್ಬಂಗಳಲ್ಲಿ ಇದೇ ಆರು ಜನ. ರಾಕ್ ಸಂಗೀತದಲ್ಲಿ ಇಂಥ ಒಗ್ಗಟ್ಟು ಅಪರೂಪ.

ಆ ದೇಶದಲ್ಲಿ ವೇದಿಕೆ ಹತ್ತಬೇಕಾದರೆ ಸರ್ಕಾರದ ಪರವಾನಗಿ ಬೇಕಿತ್ತು. ಸಮಿತಿಯೊಂದರ ಮುಂದೆ ನುಡಿಸಿ ತೋರಿಸಬೇಕು. ಅವರು ದರ್ಜೆ ಕೊಡುತ್ತಾರೆ, ದರ್ಜೆಯ ಮೇಲೆ ಸಂಭಾವನೆ. 1958ರಲ್ಲಿ ಬಂದ ನಿಯಮದ ಪ್ರಕಾರ ಸಾರ್ವಜನಿಕವಾಗಿ ನುಡಿಸುವ ಸಂಗೀತದಲ್ಲಿ ಶೇಕಡಾ 60ರಷ್ಟು ಸಮಾಜವಾದಿ ದೇಶಗಳದ್ದೇ ಆಗಿರಬೇಕಿತ್ತು. ಲಾಂಡರ್ಸ್ ಮತ್ತು ಫ್ಲಾಕೆ ಪೂರ್ವ ಬರ್ಲಿನ್‌ನ ‘ಫೀಲಿಂಗ್ ಬಿ’ ಎಂಬ ಪಂಕ್ ತಂಡದಲ್ಲಿದ್ದರು. ಲಿಂಡೆಮನ್ ಒಂದು ಕಾಲದಲ್ಲಿ ರಾಜ್ಯದ ಕ್ರೀಡಾಶಾಲೆಯಲ್ಲಿ ತಯಾರಾದ ಈಜುಗಾರ. ಆಮೇಲೆ ಬುಟ್ಟಿ ಹೆಣೆಯುವ ಕಸುಬು ಮಾಡಿದ. ಅಪ್ಪ ವೆರ್ನರ್ ಲಿಂಡೆಮನ್ ಮಕ್ಕಳ ಕವಿ. ಈ ಕೊನೆಯ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಗೋಡೆ 1989ರಲ್ಲಿ ಬಿತ್ತು. 1990ರಲ್ಲಿ ದೇಶವೇ ಭೂಪಟದಿಂದ ಮಾಯವಾಯಿತು. ಅಮೆರಿಕ ಸುತ್ತಿ ಬಂದ ಕ್ರುಸ್ಪೆಗೆ ಅಮೆರಿಕದವರಂತೆ ನುಡಿಸುವುದು ತನ್ನ ಕೆಲಸವಲ್ಲ, ತನ್ನ ಭಾಷೆಗೆ ಹೊಂದುವ ಸಂಗೀತ ಬೇಕು ಎನಿಸಿತು. ಆದರೆ ಜರ್ಮನ್‌ನಲ್ಲಿ ಗಟ್ಟಿ ದನಿ ತೆಗೆಯುವುದು ಅಷ್ಟು ಸಲೀಸಲ್ಲ. ಆ ಭಾಷೆಯಲ್ಲಿ ಯಾರಾದರೂ ಅಬ್ಬರಿಸಿದರೆ ಜಗತ್ತಿಗೆ ನೆನಪಾಗುವ ಮುಖ ಒಂದೇ. ಇಂದಿನ ಜರ್ಮನರು ಸಾಮಾನ್ಯವಾಗಿ ‘ರ’ಕಾರವನ್ನು ಗಂಟಲಲ್ಲಿ ನುಂಗುತ್ತಾರೆ. ಲಿಂಡೆಮನ್ ಮಾತ್ರ ಅದನ್ನು ನಾಲಿಗೆಯ ತುದಿಯಲ್ಲಿ ಉರುಳಿಸುತ್ತಾನೆ. ‘ರ’ ಉರುಳಿಸುವುದು ನಿತ್ಯದ ಅಭ್ಯಾಸವಾಗಿರುವ ನಮಗೆ ಇದರಲ್ಲಿ ವಿಶೇಷ ಕಾಣದು. ಜರ್ಮನ್ ಕಿವಿಗೆ ಅದು ಹಳೆಯ ಭಾಷಣಗಳ ದನಿ.

ಈ ಎಂಟು ಆಲ್ಬಂಗಳನ್ನು ಅಳೆಯಲು ನಾನು ಇಟ್ಟುಕೊಂಡಿರುವ ಕೋಲು ಒಂದೇ. ಲಿಂಡೆಮನ್‌ನ ಒಳ್ಳೆಯ ಹಾಡುಗಳೆಲ್ಲ ಮೂಲದಲ್ಲಿ ಶಿಶುಗೀತೆಗಳು. ಚಿಕ್ಕ ಸಾಲು, ಸರಳ ಪ್ರಾಸ, ಅಜ್ಜಿ ಕತೆಯ ತೋಳ, ಅಮ್ಮ, ಗೊಂಬೆ. ಅದನ್ನು ಕಬ್ಬಿಣದ ಸದ್ದಿನ ಮೇಲೆ ಇಟ್ಟಾಗ ಹುಟ್ಟುವ ಭಯವೇ ಈ ತಂಡದ ನಿಜವಾದ ಬಂಡವಾಳ. ವೇದಿಕೆಯ ಮೇಲೆ ಹತ್ತಾರು ಅಡಿ ಏಳುವ ಬೆಂಕಿ, ಮೈಗೆ ಹತ್ತಿಸಿಕೊಳ್ಳುವ ಜ್ವಾಲೆ ಎಲ್ಲ ಆಮೇಲಿನದು. ಅಂದ ಹಾಗೆ, ಪಟಾಕಿ ಮತ್ತು ಜ್ವಾಲೆ ಬಳಸಲು ಲಿಂಡೆಮನ್ ತರಬೇತಿ ಪಡೆದು ಪರವಾನಗಿ ತೆಗೆದುಕೊಂಡಿದ್ದಾನೆ. ಪೂರ್ವ ಜರ್ಮನಿಯ ಅಭ್ಯಾಸ ಹೋಗಿಲ್ಲ ಎನ್ನಬೇಕು.

<b>ಕೆಳಗಿನ ಮೆಟ್ಟಿಲುಗಳು</b>

ಎಂಟನೆಯ ಸ್ಥಾನ ‘ರೋಝೆನ್‌ರೋಟ್’ಗೆ (2005). ಇದರ ಅರ್ಧದಷ್ಟು ಹಾಡುಗಳು ಹಿಂದಿನ ವರ್ಷದ ಆಲ್ಬಂನಲ್ಲಿ ಜಾಗ ಸಿಗದೆ ಉಳಿದವು. ಕೇಳಿದರೆ ಗೊತ್ತಾಗುತ್ತದೆ. ಹೊಸ ಆಲ್ಬಂ ಬಂದಾಗ ಊರೂರು ಸುತ್ತುವ ತಂಡ ಇದಕ್ಕಾಗಿ ಪ್ರವಾಸವನ್ನೂ ಮಾಡಲಿಲ್ಲ. ಶೀರ್ಷಿಕೆ ಗೀತೆ ಮಾತ್ರ ಬೇರೆಯೇ ತೂಕದ್ದು. ಗ್ರಿಮ್ ಸೋದರರ ಕತೆಯೊಂದರ ಹೆಸರು, ಗಯಟೆಯ ಪ್ರಸಿದ್ಧ ಗುಲಾಬಿ ಕವಿತೆಯ ನೆರಳು ಎರಡನ್ನೂ ತೆಗೆದುಕೊಂಡು, ಹುಡುಗಿ ಕೇಳಿದ ಹೂವಿಗಾಗಿ ಬೆಟ್ಟ ಹತ್ತಿ ಜಾರಿ ಬೀಳುವ ಹುಡುಗನ ಕತೆ ಹೇಳುತ್ತದೆ. ಆ ಒಂದು ಹಾಡಿಗಾಗಿ ಉಳಿದ ಹತ್ತನ್ನು ಸಹಿಸಿಕೊಳ್ಳಬಹುದೇ? ಒಮ್ಮೆ ಸಹಿಸಿಕೊಂಡೆ.

ಏಳನೆಯದು ‘ಲೀಬೆ ಇಸ್ಟ್ ಫ್ಯೂರ್ ಅಲ್ಲೆ ಡಾ’ (2009), ಅಂದರೆ ‘ಪ್ರೀತಿ ಎಲ್ಲರಿಗೂ ಇದೆ’. ಹೆಸರು ಕೇಳಿ ಮೋಸ ಹೋಗಬಾರದು. ಇದರ ಒಂದು ಹಾಡು ಮತ್ತು ಒಳಪುಟದ ಒಂದು ಚಿತ್ರದ ಕಾರಣಕ್ಕೆ ಜರ್ಮನ್ ಸರ್ಕಾರದ ಯುವಜನ ರಕ್ಷಣಾ ಮಂಡಳಿ 2009ರ ನವೆಂಬರ್‌ನಲ್ಲಿ ಆಲ್ಬಂ ಅನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಪ್ರಾಪ್ತರಿಗೆ ಮಾರುವಂತಿಲ್ಲ, ಅಂಗಡಿಯಲ್ಲಿ ಎದುರಿಗೆ ಇಡುವಂತಿಲ್ಲ. ಮರುವರ್ಷ ಕಲೋನ್‌ನ ಆಡಳಿತ ನ್ಯಾಯಾಲಯ ಆ ಆದೇಶವನ್ನು ತಡೆಹಿಡಿಯಿತು. ಗೆದ್ದದ್ದು ತಂಡವೇ ಇರಬಹುದು. ಆದರೆ ಬೆಚ್ಚಿಬೀಳಿಸುವುದೇ ಗುರಿಯಾದಾಗ ಹಾಡು ಎಷ್ಟು ಬೇಗ ಹಳಸುತ್ತದೆ ಎಂಬುದಕ್ಕೆ ಈ ಆಲ್ಬಂನಲ್ಲಿ ಬೇಕಾದಷ್ಟು ಉದಾಹರಣೆಗಳಿವೆ. ಉಳಿಯುವ ಹಾಡು ‘ಹೈಫಿಶ್’, ಅಂದರೆ ಶಾರ್ಕ್ ಮೀನು. ಕನ್ನಡ ರಂಗಭೂಮಿಗೂ ಪರಿಚಿತನಾದ ಬ್ರೆಖ್ಟ್ ತನ್ನ 1928ರ ‘ಮೂರು ಕಾಸಿನ’ ಸಂಗೀತ ನಾಟಕದಲ್ಲಿ ತಂದ ಶಾರ್ಕ್ ಇದು. ಇಲ್ಲಿ ಅದು ಅಳುತ್ತದೆ. ನೀರೊಳಗೆ ಇರುವುದರಿಂದ ಕಣ್ಣೀರು ಯಾರಿಗೂ ಕಾಣುವುದಿಲ್ಲ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. 2023ರಲ್ಲಿ ಹಲವು ಮಹಿಳೆಯರು ಸಂಗೀತ ಕಾರ್ಯಕ್ರಮಗಳ ನಂತರದ ಪಾರ್ಟಿಗಳ ಬಗ್ಗೆ ಲಿಂಡೆಮನ್ ವಿರುದ್ಧ ಆರೋಪಗಳನ್ನು ಮಾಡಿದರು. ಆತ ವಕೀಲರ ಮೂಲಕ ಅವನ್ನು ನಿರಾಕರಿಸಿದ. ಬರ್ಲಿನ್‌ನ ಸರ್ಕಾರಿ ಅಭಿಯೋಜಕರು ಜೂನ್‌ನಲ್ಲಿ ತನಿಖೆ ಶುರುಮಾಡಿ, ಸಾಕಷ್ಟು ಪುರಾವೆ ಇಲ್ಲವೆಂದು ಆಗಸ್ಟ್‌ನಲ್ಲಿ ಕೈಬಿಟ್ಟರು. ಕಾನೂನಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಆದರೂ 2009ರ ಆಲ್ಬಂನ ಕೆಲವು ಹಾಡುಗಳನ್ನು ಈಗ ಹಿಂದಿನ ಹಾಗೆ ನಕ್ಕು ಕೇಳಲು ನನ್ನಿಂದ ಆಗಲಿಲ್ಲ.

ಆರನೆಯದು ಮೊಟ್ಟಮೊದಲ ಆಲ್ಬಂ ‘ಹೆರ್ಟ್ಸೆಲೈಡ್’ (1995), ‘ಎದೆನೋವು’ ಎನ್ನಬಹುದು. ಬರ್ಲಿನ್ ನಗರಾಡಳಿತದ ಸ್ಪರ್ಧೆಯಲ್ಲಿ ಗೆದ್ದು ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುವ ಅವಕಾಶ ಪಡೆದ ತಂಡ, ಸ್ವೀಡನ್ನಿನ ನಿರ್ಮಾಪಕ ಯಾಕೋಬ್ ಹೆಲ್ನರ್ ಜೊತೆ ಸ್ಟಾಕ್‌ಹೋಮ್‌ನಲ್ಲಿ ಇದನ್ನು ಮಾಡಿತು. ಹೊದಿಕೆಯ ಮೇಲೆ ಹೂವಿನ ಮುಂದೆ ಅಂಗಿಯಿಲ್ಲದೆ ನಿಂತ ಆರು ಗಂಡಸರು. ‘ಶ್ರೇಷ್ಠ ಜನಾಂಗ’ದ ಠೀವಿ ಇದು ಎಂದು ಟೀಕಾಕಾರರು ಹರಿಹಾಯ್ದರು. ಸಂಗೀತ ಒರಟು, ಹಾಡುಗಾರಿಕೆ ಇನ್ನೂ ಗೊಣಗಾಟದ ಹಂತದಲ್ಲಿದೆ. ಆದರೆ ಇದರ ಎರಡು ಹಾಡುಗಳನ್ನು ಅಮೆರಿಕದ ಚಿತ್ರ ನಿರ್ದೇಶಕ ಡೇವಿಡ್ ಲಿಂಚ್ 1997ರ ‘ಲಾಸ್ಟ್ ಹೈವೇ’ ಚಿತ್ರದಲ್ಲಿ ಬಳಸಿದ್ದರಿಂದ ಜರ್ಮನಿಯ ಹೊರಗಿನವರ ಕಿವಿಗೆ ತಂಡ ಬಿತ್ತು. ಅವುಗಳಲ್ಲೊಂದು, ಮೇಲೆ ಹೇಳಿದ ವಿಮಾನ ದುರಂತದ ಹಾಡು.

ಐದನೆಯದು ಕೊನೆಯದಾಗಿ ಬಂದ ‘ಟ್ಸೈಟ್’ (2022), ಅಂದರೆ ‘ಕಾಲ’. ಕೊರೊನಾ ಕಾಲದಲ್ಲಿ ಪ್ರವಾಸ ನಿಂತುಹೋಗಿ ಕೈ ಖಾಲಿ ಇದ್ದಾಗ ಮೂಡಿದ್ದು. ಹೊದಿಕೆಯ ಚಿತ್ರ ತೆಗೆದದ್ದು ಗಾಯಕ ಬ್ರಯಾನ್ ಆಡಮ್ಸ್. ಹೌದು, ಅದೇ ಬ್ರಯಾನ್ ಆಡಮ್ಸ್. ಅರವತ್ತರ ಹತ್ತಿರದ ಗಂಡಸರು ಸಾವಿನ ಬಗ್ಗೆ ಯೋಚಿಸುತ್ತಿರುವುದು ಹಾಡುಹಾಡಿನಲ್ಲೂ ಕೇಳುತ್ತದೆ. ನಡುನಡುವೆ ಎರಡು ಮೂರು ಅಗ್ಗದ ಜೋಕುಗಳು ಬಂದು ಕೆಡಿಸುತ್ತವೆ. ನನಗೆ ಇಷ್ಟವಾದದ್ದು ‘ಆಂಗ್ಸ್ಟ್’ (ಭಯ). ಜರ್ಮನಿಯ ಮಕ್ಕಳು ಓಡಿ ಹಿಡಿಯುವ ಹಳೆಯ ಆಟವೊಂದಿದೆ. ಕಪ್ಪು ಮನುಷ್ಯನಿಗೆ ಯಾರು ಹೆದರುತ್ತೀರಿ ಎಂದು ಒಬ್ಬ ಕೂಗುತ್ತಾನೆ, ಉಳಿದವರು ಓಡುತ್ತಾರೆ. ಮಕ್ಕಳ ಆ ಕೂಗನ್ನೇ ಎತ್ತಿಕೊಂಡು, ಹೊರಗಿನವನ ಭಯವನ್ನು ದೊಡ್ಡವರು ಮಕ್ಕಳಿಗೆ ಹೇಗೆ ಉಣಿಸುತ್ತಾರೆ ಎಂಬುದನ್ನು ಹಾಡು ತೋರಿಸುತ್ತದೆ.

<b>ದೇಶವನ್ನು ಪ್ರೀತಿಸುವುದು ಹೇಗೆ?</b>

ನಾಲ್ಕನೆಯ ಸ್ಥಾನದ ಆಲ್ಬಂಗೆ ಹೆಸರೇ ಇಲ್ಲ. ಬಿಳಿ ಹೊದಿಕೆಯ ಮೇಲೆ ಒಂದು ಬೆಂಕಿಕಡ್ಡಿ, ಅಷ್ಟೇ. ಹತ್ತು ವರ್ಷಗಳ ಮೌನದ ನಂತರ 2019ರ ಮೇ ತಿಂಗಳಲ್ಲಿ ಬಂತು. ಅದಕ್ಕೂ ಮುಂಚೆ ಮಾರ್ಚ್‌ನಲ್ಲಿ ಮೊದಲ ಹಾಡು ‘ಡಾಯ್ಚ್‌ಲಾಂಡ್’ ಬಿಡುಗಡೆಯಾಯಿತು. ಡಾಯ್ಚ್‌ಲಾಂಡ್ ಎಂದರೆ ಜರ್ಮನಿ. ಒಂಬತ್ತು ನಿಮಿಷಗಳಿಗೂ ಮೀರಿದ ಅದರ ಚಿತ್ರಿಕೆಯಲ್ಲಿ ರೋಮನ್ನರ ಕಾಲದಿಂದ ಪೂರ್ವ ಜರ್ಮನಿಯವರೆಗೆ ಎರಡು ಸಾವಿರ ವರ್ಷಗಳ ಇತಿಹಾಸ ರಕ್ತ ಸುರಿಸುತ್ತಾ ಹಾದುಹೋಗುತ್ತದೆ. ನಮ್ಮ ಭಾರತಮಾತೆಯ ಹಾಗೆ ಅಲ್ಲಿ ‘ಗೆರ್ಮಾನಿಯಾ’. ಆ ಪಾತ್ರದಲ್ಲಿ ಕಾಣಿಸಿಕೊಂಡವಳು ಬರ್ಲಿನ್‌ನ ಕಪ್ಪು ವರ್ಣದ ನಟಿ ರೂಬಿ ಕೊಮ್ಮಿ.

ಮುಂಚಿತವಾಗಿ ಬಿಟ್ಟ ಜಾಹೀರಾತು ತುಣುಕಿನಲ್ಲಿ ತಂಡದವರು ನಾಜಿ ಸೆರೆಶಿಬಿರದ ಕೈದಿಗಳಾಗಿ ಕೊರಳಿಗೆ ಕುಣಿಕೆ ಹಾಕಿಕೊಂಡು ನಿಂತಿದ್ದರು. ಲಕ್ಷಾಂತರ ಜನರ ಸಾವನ್ನು ಮಾರಾಟದ ಸರಕು ಮಾಡುತ್ತಿದ್ದಾರೆ ಎಂದು ಯಹೂದಿ ಸಮುದಾಯದ ಮುಖಂಡರು ಸಿಟ್ಟಾದರು. ಆ ತುಣುಕಿನ ಮಟ್ಟಿಗೆ ಸಿಟ್ಟು ನ್ಯಾಯವಾದದ್ದೇ. ಪೂರ್ತಿ ಹಾಡು ಬೇರೆ. ದೇಶವನ್ನು ಪ್ರೀತಿಸಬೇಕೆಂಬ ಆಸೆ ಇದೆ, ಆದರೆ ಪ್ರೀತಿಯನ್ನು ಕೊಡಲು ಆಗುತ್ತಿಲ್ಲ. ಇಷ್ಟನ್ನು ಇಷ್ಟು ಗಟ್ಟಿಯಾಗಿ, ಕ್ರೀಡಾಂಗಣದಲ್ಲಿ ಸಾವಿರಾರು ಜನ ಒಟ್ಟಿಗೆ ಕೂಗುವ ಹಾಗೆ ಹೇಳಿದ ಹಾಡು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಇದೇ ಆಲ್ಬಂನ ‘ರೇಡಿಯೊ’ ಹಾಡಿನಲ್ಲಿ ಗಡಿಯಾಚೆಯ ಕೇಂದ್ರಗಳಿಗೆ ಕದ್ದು ಕಿವಿಗೊಡುತ್ತಿದ್ದ ಪೂರ್ವ ಜರ್ಮನಿಯ ಬಾಲ್ಯ ಇದೆ. ದ್ವಿತೀಯಾರ್ಧ ಇಷ್ಟು ಗಟ್ಟಿಯಿಲ್ಲ. ಇಲ್ಲದಿದ್ದರೆ ಇನ್ನೂ ಮೇಲೆ ಹೋಗುತ್ತಿತ್ತು.

ಮೂರನೆಯದು ‘ಝೇನ್‌ಜುಖ್ಟ್’ (1997), ‘ಹಂಬಲ’. ಮಾಲ್ಟಾ ದ್ವೀಪದಲ್ಲಿ ಧ್ವನಿಮುದ್ರಣಗೊಂಡ ಇದು ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಮೀರಿ ಖರ್ಚಾಯಿತು. ಒಂದಕ್ಷರ ಜರ್ಮನ್ ಬಾರದ ಹುಡುಗರು ‘ದು ಹಾಸ್ಟ್’ ಎಂದು ಕೂಗತೊಡಗಿದರು. ಆ ಹಾಡಿನ ಚಮತ್ಕಾರ ಇರುವುದು ಶ್ಲೇಷೆಯಲ್ಲಿ. ಜರ್ಮನ್‌ನಲ್ಲಿ ‘ನಿನ್ನಲ್ಲಿದೆ’ ಮತ್ತು ‘ನೀನು ದ್ವೇಷಿಸುತ್ತೀ’ ಎಂಬ ಎರಡು ಮಾತುಗಳೂ ಕಿವಿಗೆ ಒಂದೇ. ವಾಕ್ಯ ಅರ್ಧಕ್ಕೆ ನಿಂತಿರುವಷ್ಟು ಹೊತ್ತು ಯಾವುದು ಎಂದು ತಿಳಿಯುವುದಿಲ್ಲ. ಮುಂದೆ ಬರುವುದು ಮದುವೆಯ ಪ್ರಮಾಣವಚನ, ಉತ್ತರ ‘ಇಲ್ಲ’. ಅಲಂಕಾರಶಾಸ್ತ್ರ ಓದಿದ ನಮ್ಮ ಮೇಷ್ಟ್ರುಗಳು ಇದಕ್ಕೆ ತಲೆದೂಗಬಹುದು, ಸದ್ದು ಸ್ವಲ್ಪ ತಗ್ಗಿಸಿ ಕೇಳಿಸಿದರೆ.

ಯಶಸ್ಸಿನ ಬೆನ್ನಿಗೇ ತಂಡ ತನ್ನ ದೊಡ್ಡ ತಪ್ಪು ಮಾಡಿತು. 1998ರಲ್ಲಿ ಇಂಗ್ಲೆಂಡಿನ ‘ಡಿಪೆಶ್ ಮೋಡ್’ ತಂಡದ ಹಾಡೊಂದನ್ನು ತಾವು ಹಾಡಿ, ಅದರ ಚಿತ್ರಿಕೆಗೆ ಲೆನಿ ರೀಫೆನ್‌ಸ್ಟಾಲ್‌ಳ ‘ಒಲಿಂಪಿಯಾ’ದ ದೃಶ್ಯಗಳನ್ನು ಬಳಸಿದರು. ಹಿಟ್ಲರನ ಕಾಲದ 1936ರ ಬರ್ಲಿನ್ ಒಲಿಂಪಿಕ್ಸ್ ಕುರಿತು 1938ರಲ್ಲಿ ಬಂದ ಚಿತ್ರ ಅದು. ಜರ್ಮನಿಯಲ್ಲಿ ಗದ್ದಲವೋ ಗದ್ದಲ. ಇವರು ನಾಜಿಗಳೇ ಎಂಬ ಪ್ರಶ್ನೆ ಆಮೇಲೆ ತಂಡದ ಬೆನ್ನು ಬಿಡಲಿಲ್ಲ. ಮರುವರ್ಷ ಅಮೆರಿಕದ ವುಸ್ಟರ್ ನಗರದಲ್ಲಿ ವೇದಿಕೆಯ ಮೇಲಿನ ಅಶ್ಲೀಲ ಅಭಿನಯಕ್ಕಾಗಿ ಲಿಂಡೆಮನ್ ಮತ್ತು ಫ್ಲಾಕೆ ಒಂದು ರಾತ್ರಿ ಜೈಲಿನಲ್ಲೂ ಕಳೆದರು. ಇದೆಲ್ಲಕ್ಕೂ ಉತ್ತರ ಮುಂದಿನ ಆಲ್ಬಂನಲ್ಲಿ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ಎರಡನೆಯ ಸ್ಥಾನ ‘ರೈಝೆ, ರೈಝೆ’ಗೆ (2004). ಹಡಗಿನಲ್ಲಿ ನಾವಿಕರನ್ನು ಎಬ್ಬಿಸುವ ಹಳೆಯ ಕೂಗು ಇದು. ಪ್ರಯಾಣ ಎಂಬ ಅರ್ಥವೂ ಇದೆ. ಹೊದಿಕೆ ವಿಮಾನದ ಕಪ್ಪು ಪೆಟ್ಟಿಗೆಯ ಹಾಗಿದೆ. ಸಿ.ಡಿ.ಯ ಆರಂಭಕ್ಕೂ ಹಿಂದೆ ಒಂದು ಗುಪ್ತ ತುಣುಕಿದೆ. 1985ರಲ್ಲಿ 520 ಜನರನ್ನು ಬಲಿ ತೆಗೆದುಕೊಂಡ ಜಪಾನ್ ಏರ್‌ಲೈನ್ಸ್ ವಿಮಾನದ ಕೊನೆಯ ಕ್ಷಣಗಳ ಧ್ವನಿ ಅದು. ಅದನ್ನು ಅಲ್ಲಿ ಇಡಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಸತ್ತವರ ಮನೆಯವರು ಬದುಕಿದ್ದಾರೆ.

ಆದರೆ ಅದೇ ವಿಷಯದ ಹಾಡು ಅದ್ಭುತವಾಗಿದೆ. ಗಯಟೆಯ ‘ಎರ್ಲ್‌ಕ್ಯೋನಿಗ್’ ಕವಿತೆಯನ್ನು ಜರ್ಮನಿಯ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ರಾತ್ರಿ ಗಾಳಿಯಲ್ಲಿ ಮಗುವನ್ನು ತಬ್ಬಿಕೊಂಡು ಅಪ್ಪ ಕುದುರೆಯ ಮೇಲೆ ಹೋಗುತ್ತಿರುತ್ತಾನೆ. ಭೂತರಾಜ ಕರೆಯುತ್ತಿದ್ದಾನೆ ಎಂದು ಮಗು ಹೇಳಿದರೆ ಅಪ್ಪ ನಂಬುವುದಿಲ್ಲ. ಮನೆ ಮುಟ್ಟುವಷ್ಟರಲ್ಲಿ ಮಗು ಸತ್ತಿರುತ್ತದೆ. ಲಿಂಡೆಮನ್ ಕುದುರೆಯನ್ನು ತೆಗೆದು ವಿಮಾನ ಇಟ್ಟ. ಬಿರುಗಾಳಿ, ಅಪ್ಪ ಮಗ ಹಾಗೆಯೇ ಉಳಿದರು. ಹೆದರಿದ ಮಗನನ್ನು ಅಪ್ಪ ಎಷ್ಟು ಗಟ್ಟಿಯಾಗಿ ತಬ್ಬುತ್ತಾನೆಂದರೆ ಆ ಅಪ್ಪುಗೆಯಲ್ಲೇ ಮಗನ ಉಸಿರು ನಿಲ್ಲುತ್ತದೆ. ಹಳೆಯ ಕವಿತೆಗೆ ಇಂಥ ಒಂದು ತಿರುವು ಕೊಡಲು ಧೈರ್ಯವೂ ಬೇಕು, ಓದೂ ಬೇಕು. ಹಾಡಿನ ಹೆಸರು ‘ದಲೈ ಲಾಮಾ’ ಏಕೆ ಎಂದು ಮಾತ್ರ ನನ್ನನ್ನು ಕೇಳಬೇಡಿ.

<b>ಅಮ್ಮ</b>

ಮೊದಲ ಸ್ಥಾನ ‘ಮುಟರ್’ಗೆ (2001). ಮುಟರ್ ಎಂದರೆ ಅಮ್ಮ. ಈ ಆಯ್ಕೆಯಲ್ಲಿ ಹೊಸತೇನೂ ಇಲ್ಲ, ಬಹಳ ಅಭಿಮಾನಿಗಳದ್ದೂ ಇದೇ ತೀರ್ಪು. ಬೇರೆ ಏನಾದರೂ ಹೇಳಿ ಜಾಣನೆನಿಸಿಕೊಳ್ಳೋಣ ಎಂದು ಪ್ರಯತ್ನಿಸಿದೆ, ಆಗಲಿಲ್ಲ.

ಆಲ್ಬಂ ತೆರೆಯುವುದೇ ಮಕ್ಕಳನ್ನು ಕರೆಯುವ ದನಿಯಿಂದ. ಜರ್ಮನಿಯಲ್ಲಿ ಹುಟ್ಟಿದವರಿಗೆ ಅದು ಎಲ್ಲಿಂದ ಬಂತು ಎಂದು ಹೇಳಬೇಕಿಲ್ಲ. ಪೂರ್ವ ಜರ್ಮನಿಯ ಟಿ.ವಿ.ಯಲ್ಲಿ 1959ರ ನವೆಂಬರ್‌ನಿಂದ ಪ್ರತಿ ಸಂಜೆ ಬರುತ್ತಿದ್ದ ‘ಝಾಂಡ್‌ಮೆನ್ಶೆನ್’ ಕಾರ್ಯಕ್ರಮದ ನೆರಳು ಅದು. ಬಿಳಿ ಗಡ್ಡದ ಪುಟ್ಟ ಗೊಂಬೆಯೊಂದು ಬಂದು ಕತೆ ತೋರಿಸಿ, ಮಕ್ಕಳ ಕಣ್ಣಿಗೆ ಮಾಯದ ಮರಳು ತೂರಿ ನಿದ್ದೆ ಬರಿಸುತ್ತದೆ. ದೇಶ ಹೋಯಿತು, ಅದರ ಧ್ವಜ, ಸೈನ್ಯ, ನಾಣ್ಯ ಎಲ್ಲ ಹೋದವು. ಈ ಗೊಂಬೆ ಮಾತ್ರ ಏಕೀಕರಣದ ನಂತರವೂ ಟಿ.ವಿ.ಯಲ್ಲಿ ಉಳಿಯಿತು. ‘ಮೈನ್ ಹೆರ್ಟ್ಸ್ ಬ್ರೆಂಟ್’ ಹಾಡಿನಲ್ಲಿ ಅದೇ ಮಲಗುವ ಹೊತ್ತಿನ ಮಾತು ಬರುತ್ತದೆ. ಆದರೆ ಮಾತಾಡುತ್ತಿರುವುದು ಮಂಚದ ಕೆಳಗಿನ ದೆವ್ವ. ಹಿಂದೆ ಬಾಬೆಲ್ಸ್‌ಬರ್ಗ್ ಚಲನಚಿತ್ರ ವಾದ್ಯವೃಂದದ ಪಿಟೀಲುಗಳು. ಅವುಗಳ ಮೇಲೆ ಗಿಟಾರ್ ಬಂದು ಬೀಳುವ ಕ್ಷಣದಲ್ಲಿ, ಇಷ್ಟು ವರ್ಷ ಕೇಳಿದ ಮೇಲೂ ನನ್ನ ಮೈ ಜುಂ ಎನ್ನುತ್ತದೆ.

‘ಶ್ಪೀಲ್‌ಊರ್’ (ಸಂಗೀತದ ಪೆಟ್ಟಿಗೆ) ಹಾಡಿನಲ್ಲಿ, ಮಗುವನ್ನು ತೊಡೆಯ ಮೇಲೆ ಕೂರಿಸಿ ಕುದುರೆಯಾಡಿಸುವಾಗ ಹೇಳುವ ಜರ್ಮನ್ ಪದ್ಯದ ತುಣುಕು ಬರುತ್ತದೆ. ಹಾಡಿನಲ್ಲಿ ಆ ಮಗು ಮಣ್ಣಿನಡಿಯಲ್ಲಿದೆ. ಶೀರ್ಷಿಕೆ ಗೀತೆಯಲ್ಲಿ ಹಾಡುವವನು ಯಾವ ಗರ್ಭದಿಂದಲೂ ಹುಟ್ಟದ ಮಗು, ತನಗೆ ಸಿಗದ ಅಮ್ಮನನ್ನು ಒಂದೇ ಉಸಿರಿನಲ್ಲಿ ಶಪಿಸುತ್ತದೆ, ಕರೆಯುತ್ತದೆ. ಅಬ್ಬರಿಸುವ ಲಿಂಡೆಮನ್‌ಗೆ ಇಷ್ಟು ಮೆತ್ತಗೆ ಹಾಡಲು ಬರುತ್ತದೆಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ ಎನಿಸುತ್ತದೆ.

ನಾಜಿ ಆಪಾದನೆಗೆ ಉತ್ತರವೂ ಇದರಲ್ಲೇ ಇದೆ. ‘ಲಿಂಕ್ಸ್ 2 3 4’ ಎಂಬುದು ಕವಾಯತಿನ ಲೆಕ್ಕ, ‘ಎಡ, ಎರಡು, ಮೂರು, ನಾಲ್ಕು’. ಎಡಪಂಥೀಯರ ಹಳೆಯ ಮೆರವಣಿಗೆ ಹಾಡೊಂದಕ್ಕೆ ಬ್ರೆಖ್ಟ್ ಬರೆದ ಪಲ್ಲವಿಯ ನೆನಪೂ ಅದರಲ್ಲಿದೆ. ಹೃದಯ ಇರುವುದು ಎಡಕ್ಕೆ ಎಂಬುದು ಹಾಡಿನ ವಾದ. ಮಾತು ಎಡ, ಸಂಗೀತ ಮಾತ್ರ ಬೂಟುಗಾಲಿನ ನಡಿಗೆ. ಎರಡನ್ನೂ ಬಿಟ್ಟುಕೊಡದ ಈ ಹಟವೇ ಕೆಲವರಿಗೆ ಇಂದಿಗೂ ಅನುಮಾನ ಹುಟ್ಟಿಸುತ್ತದೆ. ಅನುಮಾನ ಪೂರ್ತಿ ತಪ್ಪು ಎಂದು ನಾನೂ ಹೇಳಲಾರೆ. ಸಾವಿರಾರು ಜನ ಒಂದೇ ತಾಳಕ್ಕೆ ಮುಷ್ಟಿ ಎತ್ತುವುದನ್ನು ನೋಡಿದಾಗ, ಹಾಡಿನ ಅರ್ಥ ಎಷ್ಟು ಜನಕ್ಕೆ ಮುಟ್ಟಿದೆ ಎಂದು ಯೋಚನೆಯಾಗುತ್ತದೆ.

ಇನ್ನು ‘ಝೊನ್ನೆ’, ಅಂದರೆ ಸೂರ್ಯ. ಮುಷ್ಟಿಯುದ್ಧದ ಪಟು, ಮುಂದೆ 2014ರಲ್ಲಿ ಉಕ್ರೇನಿನ ಕೀವ್ ನಗರದ ಮೇಯರ್ ಆದ ವಿಟಾಲಿ ಕ್ಲಿಚ್ಕೊ ಅಖಾಡಕ್ಕೆ ನಡೆದು ಬರುವಾಗ ಹಾಕಲೆಂದು ಕಟ್ಟಿದ ಹಾಡು. ಅದು ಆ ಕೆಲಸಕ್ಕೆ ಬಳಕೆಯಾಗಲಿಲ್ಲ. ಉಳಿದುಕೊಂಡದ್ದು ಅಖಾಡದ ಎಣಿಕೆ. ನೆಲಕ್ಕೆ ಬಿದ್ದವನ ಮೇಲೆ ರೆಫರಿ ಎಣಿಸುವಂತೆ ಒಂದರಿಂದ ಒಂಬತ್ತು, ಹತ್ತರ ಜಾಗದಲ್ಲಿ ‘ಔಟ್’. ಚಿತ್ರಿಕೆಯಲ್ಲಿ ಇದಕ್ಕೆ ಸ್ನೋವೈಟ್ ಕತೆ ಜೋಡಿಸಿದ್ದಾರೆ. ಗಣಿಯಲ್ಲಿ ಚಿನ್ನ ಅಗೆಯುವ ಕುಳ್ಳರು ಇವರೇ, ದೈತ್ಯಾಕಾರದ ರಾಜಕುಮಾರಿ ಅವರನ್ನು ತೊಡೆಯ ಮೇಲೆ ಹಾಕಿಕೊಂಡು ಬಾರಿಸುತ್ತಾಳೆ.

ಇದನ್ನು ಮೂರನೇ ಸಲ ಹಾಕಿದಾಗ ಅಮ್ಮ ಬಾಗಿಲಲ್ಲಿ ಬಂದು ನಿಂತಳು.

‘ಏನು ಮಗ್ಗಿ ಹೇಳಿಕೊಡ್ತಿದಾನಾ?’

‘ಇಲ್ಲಮ್ಮ, ಒಂದು ಎರಡು ಎಣಿಸ್ತಿದಾನೆ.’

‘ಅಷ್ಟಕ್ಕೆ ಇಷ್ಟು ಕೂಗಬೇಕಾ?’ ಎಂದಳು. ಆದರೂ ಹಾಡು ಮುಗಿಯುವವರೆಗೆ ಅಲ್ಲೇ ನಿಂತಿದ್ದಳು.